ಹೆಚ್ಚು ಮಕ್ಕಳಿರುವ ಮನೆಗೆ ಅರೆಹೊತ್ತಿನ ಆಸರೆ

ಬಿತ್ತನೆ, ಕಳೆ, ಕೊಯ್ಲು ಇವು ಯಾರಿಗಾಗಿಯೂ ಕಾಯುವುದಿಲ್ಲ. ಹದ ಬಂದಾಗ ಗಂಡಹೆಂಡಿರಿಬ್ಬರೂ ಹೊಲಕ್ಕೆ ಹೋಗಲೇಬೇಕಾಗುತ್ತದೆ. ಮನೆಯಲ್ಲಿ ನಾಲ್ಕೈದು ಮಕ್ಕಳಿದ್ದು, ಕಿರಿಯದು ಇನ್ನೂ ತೊಟ್ಟಿಲಿನಲ್ಲಿದ್ದರೆ, ಅದನ್ನು ಯಾರ ವಶಕ್ಕೆ ಒಪ್ಪಿಸುವುದೆಂಬ ಪ್ರಶ್ನೆ ಏಳುತ್ತದೆ. ಅನೇಕ ಮನೆಗಳಲ್ಲಿ ಇದಕ್ಕೆ ದೊರೆಯುವ ಉತ್ತರ ಒಂದೇ: ಹಿರಿಯ ಮಗಳನ್ನು ಶಾಲೆ ಬಿಡಿಸುವುದು. ಹತ್ತು ವರ್ಷದ ಹುಡುಗಿ ಕೂಸನ್ನು ಕಂಕುಳಲ್ಲಿ ಹೊತ್ತು, ಇನ್ನಿಬ್ಬರು ತಮ್ಮಂದಿರನ್ನು ಕಾಯುತ್ತ ಮನೆಯಲ್ಲಿ ಉಳಿಯುತ್ತಾಳೆ. ಇದು ಕೂಸಿಗೆ ಕ್ಷೇಮವಲ್ಲ. ಹುಡುಗಿಗೆ ನ್ಯಾಯವೂ ಅಲ್ಲ. 6 ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದು ಸುಗ್ಗಿಗೆಂದು ಶಾಲೆ ಬಿಟ್ಟ ಹುಡುಗಿ ಮರಳಿ ತರಗತಿಗೆ ಹೋಗುವುದು ಸುಲಭವಲ್ಲ.

ಇಂತಹ ಕುಟುಂಬಗಳು ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ವಯಸ್ಕ ಹೆಂಗಸನ್ನು ದಿನಕ್ಕೆ ಕೆಲವು ಗಂಟೆಗಳ ಕಾಲ ಗೊತ್ತುಮಾಡಿಕೊಳ್ಳುವುದು ಉತ್ತಮ ಮಾರ್ಗ. ಇದಕ್ಕೆ ಇಡೀ ದಿನದ ಆಳು ಬೇಕಾಗಿಲ್ಲ. ಸರಿಯಾದ ಹೊತ್ತಿಗೆ ದೊರೆಯುವ ನಾಲ್ಕು ಗಂಟೆಗಳ ಆಸರೆಯೂ ಬಹಳ ಪ್ರಯೋಜನಕಾರಿ.

ಯಾವ ಹೊತ್ತು ಅಪಾಯದ್ದು?

ನೆರೆಯ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಎಳೆಯ ಮಕ್ಕಳು ನೀರಿಗೆ ಬಿದ್ದು ಸಾಯುವ ಪ್ರಕರಣಗಳನ್ನು ತಜ್ಞರು ಪರಿಶೀಲಿಸಿದರು. ಇಂತಹ ಸಾವುಗಳು ಹೆಚ್ಚಾಗಿ ಸಂಭವಿಸುತ್ತಿದ್ದುದು ಬೆಳಗಿನ 9ರಿಂದ ಮಧ್ಯಾಹ್ನ 1 ಗಂಟೆಯೊಳಗೆ, ತಾಯಿ ಕೆಲಸದಲ್ಲಿ ನಿರತಳಾಗಿರುವಾಗ, ಮನೆಯ ಸಮೀಪದಲ್ಲಿಯೇ ಎಂಬುದು ಕಂಡುಬಂದಿತು. ಆದ್ದರಿಂದ ಅಲ್ಲಿ 'ಆಂಚಲ' ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದು, ಅದೇ ಊರಿನ ಹೆಂಗಸರಿಗೆ ತರಬೇತಿ ನೀಡಿ, ಆ ನಾಲ್ಕು ಗಂಟೆಗಳ ಕಾಲ ಮಕ್ಕಳನ್ನು ಅವರ ವಶಕ್ಕೆ ಕೊಡಲಾಯಿತು. ಸಾವುಗಳು ಗಣನೀಯವಾಗಿ ತಗ್ಗಿದವು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳಿಗೆ ಹಗಲಿನ ಪಾಲನೆಯನ್ನು ಒದಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2021ರಲ್ಲಿ ಶಿಫಾರಸು ಮಾಡಿತು.

ನಮ್ಮ ಹಳ್ಳಿಗಳಲ್ಲಿಯೂ ತೆರೆದ ಬಾವಿ, ಕೃಷಿಹೊಂಡ, ನಾಲೆ, ಹಿತ್ತಲಿನ ನೀರಿನ ತೊಟ್ಟಿಗಳುಂಟು. ಅಂಬೆಗಾಲಿಡುವ ಮಗುವಿಗೆ ಬಕೆಟ್ಟಿನ ಗೇಣುದ್ದ ನೀರೂ ಪ್ರಾಣಾಪಾಯಕರ. ಆದ್ದರಿಂದ ತಮ್ಮ ಮನೆಯಲ್ಲಿ ದೊಡ್ಡವರು ಯಾರೂ ಇಲ್ಲದ, ಇದ್ದರೂ ಗಮನ ಕೊಡಲಾಗದ ಹೊತ್ತು ಯಾವುದೆಂದು ದಂಪತಿಗಳು ಮೊದಲು ಗುರುತಿಸಿ, ಆ ಹೊತ್ತಿಗೇ ಸಹಾಯಕಿಯನ್ನು ನೇಮಿಸಿಕೊಳ್ಳಬೇಕು.

ಯಾರನ್ನು ಆರಿಸಬೇಕು?

ಮಕ್ಕಳನ್ನು ಸಾಕಿ ಬಲ್ಲ, ತಾಳ್ಮೆಯುಳ್ಳ, ಅದೇ ಕೇರಿಯ ಹೆಂಗಸು ಅತ್ಯಂತ ಸೂಕ್ತಳು. ಓಡುವ ಮಗುವಿನ ಹಿಂದೆ ಓಡುವಷ್ಟು ಕಸುವು ಅವಳಿಗಿರಬೇಕು. ಮನೆಯಲ್ಲಿ ಅಜ್ಜಿಯಿದ್ದರೂ, ಕಣ್ಣು ಮಂಜಾಗಿ ಕಾಲು ಸೋತಿದ್ದರೆ, ಎಲ್ಲ ಮಕ್ಕಳ ಭಾರವನ್ನು ಆಕೆಯೊಬ್ಬಳ ಮೇಲೆ ಹೊರಿಸುವುದು ಸಲ್ಲದು. ಅಜ್ಜಿಯ ಅನುಭವ ಹಾಗೂ ಸಹಾಯಕಿಯ ಕಸುವು ಕೂಡಿದರೆ ಒಳಿತು.

ಕಡಿಮೆ ಸಂಬಳಕ್ಕೆ ಸಿಗುತ್ತಾಳೆಂದು ಬೇರೆ ಮನೆಯ ಹುಡುಗಿಯನ್ನು ತಂದಿಟ್ಟುಕೊಳ್ಳಬಾರದು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು 2006ರ ಅಕ್ಟೋಬರ್ 10ರಿಂದಲೇ ನಿಷೇಧಿಸಲಾಗಿದೆ. ನಮ್ಮ ಮಗಳ ಓದನ್ನು ಉಳಿಸಲು ಇನ್ನೊಬ್ಬರ ಮಗಳ ಓದನ್ನು ಕೆಡಿಸುವುದು ಧರ್ಮವೂ ಅಲ್ಲ.

ಸಹಾಯಕಿಗೆ ಎರಡು ವಾರಕ್ಕಿಂತ ಹೆಚ್ಚು ಕಾಲದಿಂದ ಕೆಮ್ಮಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಬೇಕು. ಇದು ಉಚಿತ. ಮೊದಲ ಮೂರು ನಾಲ್ಕು ದಿನ ತಾಯಿಯೂ ಮನೆಯಲ್ಲಿದ್ದು, ಮಕ್ಕಳು ಅವಳಿಗೆ ಹೊಂದಿಕೊಳ್ಳುವುದನ್ನು ಗಮನಿಸುವುದು ಹಿತಕರ.

ಮಾತು ಖಚಿತವಾಗಿರಲಿ

ಬರುವ ಹೊತ್ತು, ಹೋಗುವ ಹೊತ್ತು, ವಾರದ ರಜೆ, ತಿಂಗಳ ಸಂಬಳ ಇವನ್ನು ಗಂಡಹೆಂಡಿರಿಬ್ಬರೂ ಕುಳಿತು ಅವಳೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಸಂಬಳವನ್ನು ನಗದಾಗಿ, ಗೊತ್ತಾದ ದಿನದಂದು ಕೊಡಬೇಕು. ಮನೆಗೆಲಸದವರಿಗೆ ಕರ್ನಾಟಕವು 2004ರಲ್ಲಿಯೇ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಚಾಲ್ತಿಯಲ್ಲಿರುವ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ಮಕ್ಕಳನ್ನು ನೋಡಿಕೊಳ್ಳಲು ಬಂದವಳಿಗೆ ಸಗಣಿ ಬಾಚುವ, ಪಾತ್ರೆ ತಿಕ್ಕುವ ಕೆಲಸಗಳನ್ನು ಅಂಟಿಸಬಾರದು. ಅವಳು ಬಚ್ಚಲಿನಲ್ಲಿರುವಾಗ ಮಗು ಬಾವಿಯ ಬಳಿ ಇರಬಹುದು.

ಒಬ್ಬ ಹೆಂಗಸು ಒಂದು ಕೂಸನ್ನೂ ಎರಡು ಮೂರು ದೊಡ್ಡ ಮಕ್ಕಳನ್ನೂ ನೋಡಿಕೊಳ್ಳಬಲ್ಲಳು. ಅದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಭಾರವಾಗುತ್ತದೆ. ಸಂಬಳ ಕೈಗೆಟುಕದಿದ್ದರೆ ಮಕ್ಕಳ ಸಂಖ್ಯೆ ಮಿತಿ ಮೀರದಂತೆ ನೆರೆಯ ಎರಡು ಮನೆಯವರು ಕೂಡಿ ಒಬ್ಬಳನ್ನು ಗೊತ್ತುಮಾಡಿಕೊಂಡು ಖರ್ಚನ್ನು ಹಂಚಿಕೊಳ್ಳಬಹುದು.

ಸಹಾಯಕಿಗೆ ತಿಳಿಸಬೇಕಾದ ವಿಷಯಗಳು

1. ಆರು ತಿಂಗಳು ತುಂಬುವವರೆಗೆ ಕೂಸಿಗೆ ಎದೆಹಾಲಿನ ಹೊರತು ನೀರನ್ನೂ ಕೊಡಬಾರದು. ಹೊಲ ಹತ್ತಿರವಿದ್ದರೆ ಕೂಸನ್ನು ತಾಯಿಯ ಬಳಿಗೆ ಕರೆದೊಯ್ಯಬೇಕು. ಇಲ್ಲವಾದರೆ ತಾಯಿ ಹಾಲನ್ನು ಶುಚಿಯಾದ ಪಾತ್ರೆಗೆ ಹಿಂಡಿ, ಮುಚ್ಚಿ, ತಂಪಾದ ಸ್ಥಳದಲ್ಲಿಟ್ಟು ಹೋಗಬಹುದು. ಅದನ್ನು ನಾಲ್ಕು ಗಂಟೆಯೊಳಗೆ ಒಳಲೆಯಿಂದಲೋ ಚಮಚದಿಂದಲೋ ಕುಡಿಸಬೇಕು. ಸೀಸೆ ಬೇಡ.

2. ಮಗುವಿನ ಮಲ ತೊಳೆದ ಮೇಲೂ, ಉಣಿಸುವ ಮುನ್ನವೂ ಸಾಬೂನಿನಿಂದ ಕೈ ತೊಳೆಯಬೇಕು.

3. ಎಳೆಯ ಮಕ್ಕಳ ಕೈಗೆ ಇಡೀ ಕಡಲೆಕಾಯಿ ಬೀಜ, ಹುರಿಗಡಲೆ ಕೊಡಬಾರದು. ಅವು ಉಸಿರುನಾಳದಲ್ಲಿ ಸಿಕ್ಕಿಕೊಳ್ಳುತ್ತವೆ. ಹರಳು ಬೀಜ ವಿಷಕಾರಿ. ಕೀಟನಾಶಕ, ಸೀಮೆಎಣ್ಣೆಗಳನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡುವುದು ಮನೆಯ ಯಜಮಾನನ ಹೊಣೆ.

4. ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು 1 ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಪೊಟ್ಟಣವಿಲ್ಲದಿದ್ದರೆ 1 ಲೀಟರ್ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಎದೆಹಾಲನ್ನು ನಿಲ್ಲಿಸಬಾರದು.

5. ಮಗು ಹಾಲು ಕುಡಿಯಲಾರದೆ ಹೋದರೆ, ಫಿಟ್ಸ್ ಬಂದರೆ, ಪಕ್ಕೆ ಸೆಳೆದು ಉಸಿರಾಡಿದರೆ, ಎಚ್ಚರವಾಗದಷ್ಟು ಮಂಕಾದರೆ, ತಡಮಾಡದೆ 108ಕ್ಕೆ ಕರೆ ಮಾಡಬೇಕು. ಅನಂತರ ತಾಯಿತಂದೆಯರಿಗೆ ಸುದ್ದಿ ಕಳುಹಿಸಬೇಕು.

ಊರಿನಲ್ಲಿಯೇ ಇರುವ ನೆರವು

ಮೂರು ವರ್ಷ ತುಂಬಿದ ಮಕ್ಕಳನ್ನು ಅಂಗನವಾಡಿಗೆ ಕಳುಹಿಸಿದರೆ ಸಹಾಯಕಿಯ ಹೊರೆ ಅರ್ಧ ಇಳಿಯುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಈ ಯೋಜನೆ ಆರಂಭವಾದಾಗ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದಾಗಿದ್ದಿತು. ಇಂದು ಅಂಗನವಾಡಿಯಿಲ್ಲದ ಊರು ವಿರಳ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವ ಕಾರ್ಯ 2023-24ನೆಯ ಸಾಲಿನಲ್ಲಿ ಪ್ರಾರಂಭವಾಯಿತು. ತಮ್ಮ ಪಂಚಾಯತಿಯಲ್ಲಿ ಅದು ಇದೆಯೇ ಎಂದು ವಿಚಾರಿಸಿ, ಅನಂತರ ಸಹಾಯಕಿಯ ವಿಷಯವನ್ನು ನಿರ್ಧರಿಸುವುದು ಜಾಣತನ.

ದಂಪತಿಗಳು ಆಲೋಚಿಸಲಿ

ಮಕ್ಕಳ ಪಾಲನೆ ಹೆಂಡತಿಯೊಬ್ಬಳ ಕೆಲಸವಲ್ಲ. ಸಹಾಯಕಿ ಬಾರದ ದಿನ ಯಾರು ಮನೆಯಲ್ಲಿ ಉಳಿಯಬೇಕೆಂಬುದನ್ನು ಗಂಡನೂ ಮುಂಚಿತವಾಗಿ ಯೋಚಿಸಿರಬೇಕು; ಆ ದಿನವೂ ಹಿರಿಯ ಮಗಳ ಪಾಟಿಚೀಲ ಗೂಟಕ್ಕೆ ತೂಗಬಾರದು. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ ಎರಡು ವರ್ಷ ಅಂತರವಿರಬೇಕು. ಆಗ ಏಕಕಾಲಕ್ಕೆ ಎರಡು ಕೂಸುಗಳನ್ನು ಎತ್ತಿಕೊಳ್ಳುವ ಕಷ್ಟ ತಪ್ಪುತ್ತದೆ, ತಾಯಿಯ ದೇಹವೂ ಸುಧಾರಿಸಿಕೊಳ್ಳುತ್ತದೆ. ಇದಕ್ಕೆ ತಕ್ಕ ಉಪಾಯಗಳನ್ನು ಆಶಾ ಕಾರ್ಯಕರ್ತೆಯಿಂದಲೂ ಆರೋಗ್ಯ ಸಹಾಯಕಿಯಿಂದಲೂ ಕೇಳಿ ತಿಳಿಯಬಹುದು.

ಸಂಬಳಕ್ಕೆ ಕೊಡುವ ಹಣ ವ್ಯರ್ಥವೆಂದು ಭಾವಿಸಬೇಡಿ. ಅದರಿಂದ ಕೂಸಿಗೆ ರಕ್ಷಣೆ, ತಾಯಿಗೆ ನೆಮ್ಮದಿಯ ದುಡಿಮೆ, ಹಿರಿಯ ಮಗಳಿಗೆ ವಿದ್ಯೆ ಈ ಮೂರೂ ದೊರೆಯುತ್ತವೆ.