ಕರ್ವಾಲೋ ಕೊಟ್ಟು ಪರ್ವ ತಗೊಳ್ಳೋದು ಹೇಗೆ?

ಹೋದ ವರ್ಷ ನಮ್ಮ ಪುಸ್ತಕದ ಅದಲುಬದಲಿ ಎರಡೇ ತಿಂಗಳಿಗೆ ನಿಂತುಹೋಯಿತು. ಜಗಳವೇನೂ ಆಗಿರಲಿಲ್ಲ. ವಿದ್ಯಾರಣ್ಯಪುರಂನ ಬಾಡಿಗೆ ರೂಮು, ಪೀಜಿಗಳಲ್ಲಿರುವ ನಾವು ಐದು ಜನ "ನಿನ್ನದು ಕೊಡು, ನಂದು ತಗೋ" ಅಂತ ಶುರು ಮಾಡಿದ್ದೆವು. ಆದರೆ ನಮಗೆ ಬೇಕಾದ ಪುಸ್ತಕ ಯಾರ ಹತ್ತಿರ ಇದೆಯೋ, ಅವರಿಗೆ ನಮ್ಮ ಪುಸ್ತಕವೇ ಬೇಡ!

ನೋಡಿ, ಲೆಕ್ಕ ಹೀಗಿತ್ತು. ಸಿವಿಲ್‌ನವಳ ಹತ್ತಿರ 'ಕರ್ವಾಲೋ', ಬೇಕಾಗಿದ್ದು 'ಪರ್ವ'. ಮೆಕ್ಯಾನಿಕಲ್‌ನವನ ಹತ್ತಿರ 'ಪರ್ವ', ಬೇಕಾಗಿದ್ದು ವಸುಧೇಂದ್ರರ 'ಮೋಹನಸ್ವಾಮಿ'. ಅದು ಇದ್ದದ್ದು ಇ.ಸಿ.ಯವಳ ಹತ್ತಿರ, ಅವಳಿಗೆ 'ಕರ್ವಾಲೋ' ಬೇಕು. ಇಬ್ಬಿಬ್ಬರೇ ಕೂತರೆ ಒಂದು ವ್ಯಾಪಾರವೂ ಕುದುರಲ್ಲ. ಮೂವರೂ ಒಟ್ಟಿಗೆ ಕೂತರೆ ಒಂದೇ ನಿಮಿಷದ ಕೆಲಸ.

ಇದಕ್ಕೊಂದು ಅಲ್ಗಾರಿದಮ್ ಇದೆ. 1974ರಲ್ಲಿ ಲಾಯ್ಡ್ ಶಾಪ್ಲಿ ಮತ್ತು ಹರ್ಬರ್ಟ್ ಸ್ಕಾರ್ಫ್ ಮನೆಗಳ ಅದಲುಬದಲಿಯ ಉದಾಹರಣೆ ಇಟ್ಟುಕೊಂಡು ಪ್ರಕಟಿಸಿದ್ದು. ವಿಧಾನ ಹೊಳೆದದ್ದು ಡೇವಿಡ್ ಗೇಲ್‌ಗೆ. ಪ್ರತಿಯೊಬ್ಬರೂ ತಮಗೆ ಅತಿ ಇಷ್ಟವಾದ ಪುಸ್ತಕ ಯಾರ ಕೈಯಲ್ಲಿದೆಯೋ ಅವರತ್ತ ಬೆರಳು ತೋರಿಸಬೇಕು, ಅಷ್ಟೇ. ಬೆರಳು ಹಿಡಿದು ನಡೆಯುತ್ತಾ ಹೋಗಿ. ಜನ ಇರುವುದು ಐದೇ, ಹಾಗಾಗಿ ಒಮ್ಮೆಯಾದರೂ ಹಿಂದೆ ಕಂಡವರ ಹತ್ತಿರವೇ ವಾಪಸ್ ಬರಲೇಬೇಕು. ಅಂದರೆ ಒಂದು ಸುತ್ತು ಸಿಕ್ಕಿತು. ಆ ಸುತ್ತಿನವರೆಲ್ಲ ಪುಸ್ತಕ ಬದಲಾಯಿಸಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಉಳಿದವರು ಉಳಿದ ಪುಸ್ತಕಗಳಲ್ಲಿ ಮತ್ತೆ ಬೆರಳು ತೋರಿಸುತ್ತಾರೆ.

ನಮ್ಮಲ್ಲಿ ಉಳಿದದ್ದು ಇಬ್ಬರು. 'ಮಲೆಗಳಲ್ಲಿ ಮದುಮಗಳು' ಇಟ್ಟುಕೊಂಡ ಸಿ.ಎಸ್.ನವನು ಮೊದಲು 'ಕರ್ವಾಲೋ'ಗೇ ಬೆರಳು ತೋರಿಸಿದ್ದ. ಅದು ಹೋಯಿತು. ಎರಡನೇ ಆಯ್ಕೆ 'ಘಾಚರ್ ಘೋಚರ್' (ಇಂಟರ್ನಲ್ಸ್ ಹತ್ತಿರ ಬಂದಾಗ ತೆಳ್ಳಗಿನ ಪುಸ್ತಕದ ಮೇಲೆ ಎಲ್ಲರಿಗೂ ಪ್ರೀತಿ). ಅದರ ಒಡೆಯನಿಗೆ ಮದುಮಗಳೇ ಬೇಕಿತ್ತು. ಮುಗೀತು.

ಈ ವಿಧಾನದಲ್ಲಿ ಸುಳ್ಳು ಹೇಳಿ ಲಾಭವಿಲ್ಲ. ನಿಜವಾಗಿ ಬೇಕಾದದ್ದನ್ನೇ ಕೇಳುವುದು ಎಲ್ಲರಿಗೂ ಒಳ್ಳೆಯದು ಅಂತ 1982ರಲ್ಲಿ ಆಲ್ವಿನ್ ರಾತ್ ಸಾಧಿಸಿ ತೋರಿಸಿದರು. ಇದೇ ಯೋಚನೆ ಮುಂದೆ ಮೂತ್ರಪಿಂಡ ಕಸಿಗೂ ಹೋಯಿತು: ನನ್ನ ಮನೆಯವರ ಮೂತ್ರಪಿಂಡ ನನಗೆ ಹೊಂದಲ್ಲ, ನಿಮಗೆ ಹೊಂದುತ್ತದೆ, ನಿಮ್ಮ ಮನೆಯವರದ್ದು ನನಗೆ. ನಮ್ಮ ದೇಶದಲ್ಲೂ 2011ರ ಕಾನೂನು ತಿದ್ದುಪಡಿ ಇದಕ್ಕೆ ದಾರಿ ಮಾಡಿತು. ಶಾಪ್ಲಿ, ರಾತ್ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇಷ್ಟೆಲ್ಲ ಯಾಕೆ, ಪಿಡಿಎಫ್ ಕಳಿಸಿದರೆ ಆಯ್ತಲ್ಲ ಅನ್ನುವವರಿದ್ದಾರೆ. ನಮಗೆ ಒಪ್ಪಿಗೆಯಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಒಮ್ಮೆ ಮಾರಾಟವಾಗಿ ಚಲಾವಣೆಗೆ ಬಂದ ಪ್ರತಿಯನ್ನು ಕೈ ಬದಲಾಯಿಸಿಕೊಳ್ಳಲು ಲೇಖಕರ ಅನುಮತಿ ಬೇಕಿಲ್ಲ. ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕುವುದು ಹೊಸ ಪ್ರತಿ ತಯಾರಿಸಿದ ಹಾಗೆ. ಕನ್ನಡದಲ್ಲಿ ಬರೆಯುವವರಿಗೆ ಸಿಗುವ ಗೌರವಧನವೇ ಅಷ್ಟಕ್ಕಷ್ಟೇ. ಅದರಲ್ಲೂ ನಾವು ಕೈ ಹಾಕೋದಾ?

ಇನ್ನೂ ಒಂದು ತೊಡಕಿತ್ತು. ಮೆಕ್ಯಾನಿಕಲ್‌ನವನ 'ಪರ್ವ' ಅವರಪ್ಪನದು. ಅಪ್ಪ ಈಗಿಲ್ಲ. ಮೊದಲ ಪುಟದಲ್ಲಿ ಅವರ ಸಹಿ, ಒಳಗೆ ಅಲ್ಲಲ್ಲಿ ಪೆನ್ಸಿಲ್ ಗೀಟು. ಅವನೂ ಅರ್ಧವೇ ಓದಿದ್ದ. ಇದಕ್ಕೂ ಅಲ್ಗಾರಿದಮ್‌ನಲ್ಲಿ ಜಾಗವಿದೆ: ಕೊಡಲು ಮನಸ್ಸಿಲ್ಲದವರು ತಮ್ಮತ್ತಲೇ ಬೆರಳು ತೋರಿಸಿಕೊಳ್ಳಬಹುದು. ಒಬ್ಬರದೇ ಸುತ್ತು, ಯಾರೂ ಕಾರಣ ಕೇಳಬಾರದು. ಮೂರು ಶನಿವಾರ ಅವನು ಹಾಗೇ ಮಾಡಿದ. ನಾಲ್ಕನೇ ಶನಿವಾರ, ಮಾನಂದವಾಡಿ ರಸ್ತೆಯ ಟೀ ಅಂಗಡಿಯಲ್ಲಿ, ಹಳೇ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿಸಿಕೊಂಡು ತಂದು ಕೊಟ್ಟ. ಸೆಮಿಸ್ಟರ್ ಮುಗಿದ ಮೇಲೆ ಎಲ್ಲ ಪುಸ್ತಕಗಳೂ ಒಡೆಯರಿಗೆ ವಾಪಸ್ ಅನ್ನುವ ನಿಯಮ ಅವತ್ತೇ ಬರೆದುಕೊಂಡೆವು.

ಸದ್ಯ ಅದು ಸಿವಿಲ್‌ನವಳ ಹತ್ತಿರ ಇದೆ. ಗೀಟು ಇರುವ ಪುಟ ಬಂದಾಗೆಲ್ಲ ಫೋಟೊ ತೆಗೆದು ಅವನಿಗೆ ಕಳಿಸುತ್ತಾಳೆ. ಎರಡು ಶನಿವಾರದಿಂದ ಅವಳ ಬೆರಳು ಅವಳ ಕಡೆಗೇ.