ಕಾರ್ನಿಯಾ ಕಸಿಯ ಬ್ಯಾಂಡೇಜ್ ಬಿಚ್ಚಿದ ತಕ್ಷಣ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆಯೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಿಧನರಾದ ಬಳಿಕ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಎರಡು ಕಣ್ಣು ನಾಲ್ವರಿಗೆ ಸಾಲುವುದು ಹೇಗೆ? ಕಸಿಯಾದ ಮರುದಿನವೇ ಅವರಿಗೆ ಎಲ್ಲವೂ ಕಾಣುತ್ತದೆಯೇ?

ನಂಬಿಕೆ: ದಾನಿಯ ಇಡೀ ಕಣ್ಣನ್ನೇ ಜೋಡಿಸುತ್ತಾರೆ

ಇಲ್ಲ. ಕಸಿ ಮಾಡುವುದು ಕಾರ್ನಿಯಾವನ್ನು ಮಾತ್ರ. ಇದು ಕಪ್ಪುಗುಡ್ಡೆಯ ಮುಂದಿರುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಾರದರ್ಶಕ ಪದರ. ಹಾಗಾಗಿ ಕಣ್ಣಿನ ಬಣ್ಣ ಬದಲಾಗುವುದಿಲ್ಲ. ಕಾರ್ನಿಯಾದಲ್ಲೂ ಹಲವು ಪದರಗಳಿವೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಪುನೀತ್ ಅವರ ಪ್ರತಿ ಕಾರ್ನಿಯಾವನ್ನು ಮುಂದಿನ ಮತ್ತು ಹಿಂದಿನ ಪದರಗಳಾಗಿ ಬೇರ್ಪಡಿಸಿ, ಯಾರಿಗೆ ಯಾವ ಪದರ ಹಾಳಾಗಿತ್ತೋ ಅದನ್ನಷ್ಟೇ ಜೋಡಿಸಿದರು. ಇದೇ ಭಾಗಶಃ ಕಸಿ.

ನಂಬಿಕೆ: ಬ್ಯಾಂಡೇಜ್ ಬಿಚ್ಚಿದ ಕೂಡಲೇ ದೃಷ್ಟಿ ಸರಿಯಾಗುತ್ತದೆ

ಇದು ಸಿನಿಮಾ ದೃಶ್ಯ. ಹಿಂದಿನ ಪದರದ ಕಸಿಯಲ್ಲಿ ದೃಷ್ಟಿ ಸುಧಾರಿಸಲು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳು ಬೇಕು. ಹೊಲಿಗೆ ಹಾಕುವ ಮುಂದಿನ ಪದರದ ಕಸಿಯಲ್ಲಿ ಒಂದು ವರ್ಷವೂ ಹಿಡಿಯಬಹುದು. ಹೊರಗಿನಿಂದ ಕಣ್ಣು ತಿಳಿಯಾಗಿ ಕಂಡರೂ ರೋಗಿಗೆ ಮಬ್ಬು ಕಾಣಿಸಬಹುದು. ಏಕೆಂದು ತಿಳಿಯಲು ವೈದ್ಯರು ಕಾರ್ನಿಯಾದ ಚಿತ್ರ ತೆಗೆಯುತ್ತಾರೆ.

ಸ್ಕ್ಯಾನ್‌ನಲ್ಲಿ ಏನು ನೋಡುತ್ತಾರೆ?

ಪದರ ಅಂಟಿಕೊಂಡಿದೆಯೇ? ಹಿಂದಿನ ಪದರವನ್ನು ಸಾಮಾನ್ಯವಾಗಿ ಹೊಲಿಗೆಯಿಂದಲ್ಲ, ಕಣ್ಣಿನೊಳಗೆ ಬಿಟ್ಟ ಗಾಳಿ ಅಥವಾ ಅನಿಲದ ಗುಳ್ಳೆಯಿಂದ ಒತ್ತಿ ಹಿಡಿಯುತ್ತಾರೆ. ಅದಕ್ಕೇ ರೋಗಿ ಅಂಗಾತ ಮಲಗಿರಬೇಕು. ಒಸಿಟಿ ಸ್ಕ್ಯಾನ್ ಕಾರ್ನಿಯಾವನ್ನು ಸೀಳಿ ನೋಡಿದಂತಹ ಚಿತ್ರ ಕೊಡುತ್ತದೆ. ಪದರ ಬಿಟ್ಟುಕೊಂಡಿದ್ದರೆ ನಡುವೆ ಕಪ್ಪು ಸಂದು ಕಾಣುತ್ತದೆ. ಅಗತ್ಯವಿದ್ದರೆ ಮತ್ತೆ ಗಾಳಿ ತುಂಬುತ್ತಾರೆ.

ಊತ ಇಳಿದಿದೆಯೇ? ಒಳಗಿನ ಎಂಡೋಥೀಲಿಯಂ ಕೋಶಗಳು ಪಂಪ್‌ನಂತೆ ನೀರನ್ನು ಹೊರಹಾಕುತ್ತವೆ. ಹೊಸ ಪದರ ಕೆಲಸ ಆರಂಭಿಸಿದರೆ ಕಾರ್ನಿಯಾದ ದಪ್ಪ ಕಡಿಮೆಯಾಗುತ್ತಾ ಬರುತ್ತದೆ.

ಆಕಾರ ಸರಿಯಿದೆಯೇ? ಹೊಲಿಗೆ ಬಿಗಿಯಾದರೆ ಕಾರ್ನಿಯಾದ ಬಾಗು ಏರುಪೇರಾಗಿ ಅಕ್ಷರಗಳು ಎಳೆದಂತೆ ಕಾಣುತ್ತವೆ. ಟೊಪೊಗ್ರಫಿ ನಕ್ಷೆಯಲ್ಲಿ ಸಾಮಾನ್ಯವಾಗಿ ಹೆಚ್ಚು ಬಾಗಿದ ಜಾಗ ಕೆಂಪು, ಚಪ್ಪಟೆ ಜಾಗ ನೀಲಿ. ಯಾವ ಹೊಲಿಗೆ ತೆಗೆಯಬೇಕು ಎಂಬುದನ್ನು ನಿರ್ಧರಿಸಲು ಇದು ನೆರವಾಗುತ್ತದೆ. ಉಳಿದ ದೋಷಕ್ಕೆ ಕನ್ನಡಕ ಅಥವಾ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗಬಹುದು.

ಕೋಶಗಳು ಎಷ್ಟಿವೆ? ಎಂಡೋಥೀಲಿಯಂ ಕೋಶಗಳು ಸತ್ತರೆ ಅವುಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ ಎನ್ನಬಹುದು. ಸ್ಪೆಕ್ಯುಲರ್ ಮೈಕ್ರೋಸ್ಕೋಪ್‌ನಿಂದ ಅವುಗಳನ್ನು ಎಣಿಸಿ, ಕಸಿಯಾದ ಪದರದ ಸ್ಥಿತಿಯನ್ನು ಅಂದಾಜಿಸುತ್ತಾರೆ.

ಈ ಸ್ಕ್ಯಾನ್‌ಗಳು ಬಳಸುವುದು ಬೆಳಕನ್ನು; ಎಕ್ಸ್-ರೇ ವಿಕಿರಣವಿಲ್ಲ.

ಚಿತ್ರ ಚೆನ್ನಾಗಿದ್ದರೆ ದೃಷ್ಟಿಯೂ ಚೆನ್ನಾಗಿರುತ್ತದೆಯೇ?

ಹಾಗೇನಿಲ್ಲ. ಕಾರ್ನಿಯಾ ಕಿಟಕಿಯ ಗಾಜು ಇದ್ದಂತೆ. ಹಿಂದಿರುವ ರೆಟಿನಾ ಅಥವಾ ದೃಷ್ಟಿನರಕ್ಕೆ ಹಾನಿಯಾಗಿದ್ದರೆ ಗಾಜು ಬದಲಿಸಿದರೂ ಮಬ್ಬು ಉಳಿಯುತ್ತದೆ. ಆದ್ದರಿಂದ ಸ್ಕ್ಯಾನ್ ಜತೆಗೆ ಅಕ್ಷರಗಳ ಚಾರ್ಟ್ ಓದಿಸುವ ಪರೀಕ್ಷೆಯೂ ಅಗತ್ಯ.

ಮರೆಯಬೇಡಿ

ಕಣ್ಣು ಚೆನ್ನಾಗಿದೆ ಎಂದು ತಪಾಸಣೆ ತಪ್ಪಿಸಬೇಡಿ, ಹನಿ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕೆಂಪಾಗುವುದು, ನೋವು, ಬೆಳಕು ಚುಚ್ಚುವುದು, ದೃಷ್ಟಿ ಮಬ್ಬಾಗುವುದು ದೇಹ ಕಸಿಯನ್ನು ತಿರಸ್ಕರಿಸುತ್ತಿರುವ ಲಕ್ಷಣವಾಗಿರಬಹುದು. ಇದು ವರ್ಷಗಳ ನಂತರವೂ ಆಗಬಹುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ. ಬೇಗ ಚಿಕಿತ್ಸೆ ಸಿಕ್ಕರೆ ಹಲವು ಬಾರಿ ಕಸಿಯನ್ನು ಉಳಿಸಿಕೊಳ್ಳಬಹುದು.