ಬ್ಯಾಂಕ್ ಹಾಲಿಡೇ ರಜೆಯನ್ನು ಗಂಟೆಯಲ್ಲಿ ಎಣಿಸೋಣ



ಯುಕೆಯಲ್ಲಿರುವ ನಮ್ಮವರಲ್ಲಿ ಆಸ್ಪತ್ರೆ, ಕೇರ್ ಹೋಮ್, ಶಾಲೆಗಳಲ್ಲಿ ದುಡಿಯುವವರು ಬಹಳ ಮಂದಿ. ಇಂತಹ ಕಡೆ ವಾರಕ್ಕೆ ಇಷ್ಟು ಗಂಟೆ ಎನ್ನುವ ಬದಲು ವರ್ಷಕ್ಕೆ ಇಷ್ಟು ಗಂಟೆ ಎಂದು ಒಪ್ಪಂದವಾಗುವುದುಂಟು. ಇದಕ್ಕೆ ಆನ್ಯುಯಲೈಸ್ಡ್ ಅವರ್ಸ್ ಎನ್ನುತ್ತಾರೆ. ಒಂದು ವಾರ 36 ಗಂಟೆ ಕೆಲಸ, ಇನ್ನೊಂದು ವಾರ 12 ಗಂಟೆ. ಸಂಬಳ ಮಾತ್ರ ಪ್ರತಿ ತಿಂಗಳೂ ಒಂದೇ. ಚಿಕ್ಕ ಮಕ್ಕಳಿರುವ ಮನೆಗೆ ಇದು ಅನುಕೂಲ. ಆದರೆ "ಸೋಮವಾರ ನಿಮಗೆ ಶಿಫ್ಟ್ ಇರಲಿಲ್ಲ, ಹಾಗಾಗಿ ಬ್ಯಾಂಕ್ ಹಾಲಿಡೇ ನಿಮಗಿಲ್ಲ" ಎಂದು ಮ್ಯಾನೇಜರ್ ಹೇಳಿದಾಗ ನಾವು ಸುಮ್ಮನೆ ತಲೆಯಾಡಿಸಿ ಬರುತ್ತೇವೆ. ಹಾಗೆ ಬರುವ ಮುನ್ನ ಲೆಕ್ಕ ತಿಳಿದಿರಲಿ.

ಕಾನೂನು ಏನು ಹೇಳುತ್ತದೆ?

ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಕನಿಷ್ಠ 5.6 ವಾರಗಳ ಸಂಬಳಸಹಿತ ರಜೆ ಇದೆ. ವಾರಕ್ಕೆ 5 ದಿನ ದುಡಿಯುವವರಿಗೆ ಇದು 28 ದಿನ. ಬ್ಯಾಂಕ್ ಹಾಲಿಡೇಗಳನ್ನು ಇದರೊಳಗೇ ಸೇರಿಸಲು ಮಾಲೀಕರಿಗೆ ಅವಕಾಶವಿದೆ. ಆ ದಿನ ಮನೆಯಲ್ಲೇ ಇರುವ ಹಕ್ಕಾಗಲಿ, ದುಡಿದರೆ ಹೆಚ್ಚು ಸಂಬಳ ಪಡೆಯುವ ಹಕ್ಕಾಗಲಿ ಕಾನೂನಿನಿಂದ ಬರುವುದಿಲ್ಲ. ಅದು ನಿಮ್ಮ ಒಪ್ಪಂದದಲ್ಲಿರಬೇಕು. ಅರೆಕಾಲಿಕರು ಎಂಬ ಕಾರಣಕ್ಕೆ ಯಾರನ್ನೂ ಕಡಿಮೆಯಾಗಿ ನಡೆಸಿಕೊಳ್ಳಬಾರದೆಂದು 2000ದ ನಿಯಮಗಳು ಹೇಳುತ್ತವೆ. ಅದಕ್ಕಾಗಿಯೇ ಎಷ್ಟೋ ಕಡೆ ಬ್ಯಾಂಕ್ ಹಾಲಿಡೇಗಳನ್ನೂ ಗಂಟೆಗಳ ಪ್ರಮಾಣದಲ್ಲಿ ಹಂಚುತ್ತಾರೆ.

ಒಂದು ಉದಾಹರಣೆ

ಪೂರ್ಣಾವಧಿ ವಾರಕ್ಕೆ 37.5 ಗಂಟೆ, ನಿಮ್ಮದು ಸರಾಸರಿ 22.5 ಗಂಟೆ, ಅಂದರೆ ಶೇಕಡಾ 60 ಎಂದುಕೊಳ್ಳೋಣ.

ಪೂರ್ಣಾವಧಿಯವರ ರಜೆ: 37.5 × 5.6 = 210 ಗಂಟೆ.
ಅದರಲ್ಲಿ 8 ಬ್ಯಾಂಕ್ ಹಾಲಿಡೇ: 8 × 7.5 = 60 ಗಂಟೆ.
ನಿಮ್ಮ ರಜೆ: 22.5 × 5.6 = 126 ಗಂಟೆ.
ಅದರಲ್ಲಿ ಬ್ಯಾಂಕ್ ಹಾಲಿಡೇ ಪಾಲು: 60ರ ಶೇಕಡಾ 60, ಅಂದರೆ 36 ಗಂಟೆ.

8 ಎಂಬುದು ಇಂಗ್ಲೆಂಡ್ ಮತ್ತು ವೇಲ್ಸ್ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ಸಾಮಾನ್ಯವಾಗಿ 9, ಉತ್ತರ ಐರ್ಲೆಂಡಿನಲ್ಲಿ 10. ಒಪ್ಪಂದದಲ್ಲಿ ಕನಿಷ್ಠಕ್ಕಿಂತ ಹೆಚ್ಚು ರಜೆ ಇದ್ದರೆ ಲೆಕ್ಕವನ್ನು ಅಲ್ಲಿಂದಲೇ ಶುರುಮಾಡಬೇಕು.

ಸೋಮವಾರ ನಿಮಗೆ ಶಿಫ್ಟ್ ಬೀಳಲಿ ಬೀಳದಿರಲಿ, ಈ 126 ಗಂಟೆ ನಿಮ್ಮದೇ. ಬ್ಯಾಂಕ್ ಹಾಲಿಡೇ ದಿನ 12 ಗಂಟೆಯ ಶಿಫ್ಟ್ ಇದ್ದು ನೀವು ರಜೆ ಪಡೆದರೆ 12 ಗಂಟೆ ಕಳೆಯುತ್ತಾರೆ. ಅಂದರೆ 36 ಗಂಟೆ ಮೂರು ಶಿಫ್ಟಿಗೆ ಸಾಕು. ಆ ದಿನ ದುಡಿದರೆ, ಅಥವಾ ರೋಟಾದಲ್ಲಿ ನಿಮ್ಮ ಹೆಸರೇ ಇರದಿದ್ದರೆ, ಏನೂ ಕಳೆಯಬಾರದು.

ಎಲ್ಲಿ ಎಡವುತ್ತೇವೆ?

ವರ್ಷದ ಗಂಟೆಗಳಲ್ಲಿ ರಜೆ ಸೇರಿದೆಯೇ ಇಲ್ಲವೇ ಎಂಬಲ್ಲಿ. ಮೇಲಿನ ಉದಾಹರಣೆಯಲ್ಲಿ ವರ್ಷಕ್ಕೆ ಒಟ್ಟು ಸುಮಾರು 1,173 ಗಂಟೆ. ರಜೆಯ 126 ಕಳೆದರೆ ದುಡಿಯಬೇಕಾದದ್ದು 1,047. ಒಪ್ಪಂದದಲ್ಲಿ 1,173 ಎಂದಿದ್ದರೆ ರಜೆಯ ಗಂಟೆಗಳನ್ನೂ ದುಡಿದಂತೆ ಜಮಾ ಮಾಡಬೇಕು. 1,047 ಎಂದಿದ್ದರೆ ರಜೆಯನ್ನು ಆಗಲೇ ಕಳೆದಾಗಿದೆ. ಮತ್ತೆ ಜಮಾ ಕೇಳುವಂತಿಲ್ಲ. 1,173 ಎಂದು ಬರೆದು, ರಜೆಯನ್ನು ಜಮಾ ಮಾಡದೆ ಅಷ್ಟೂ ಗಂಟೆ ದುಡಿಸಿಕೊಂಡರೆ, ನಿಮ್ಮ ರಜೆ ಸದ್ದಿಲ್ಲದೆ ಕರಗಿಹೋಗುತ್ತದೆ.

ಪ್ರತಿ ಸಂಬಳದ ಅವಧಿಯಲ್ಲೂ ದುಡಿಯುವ ಗಂಟೆಗಳು ಬಹುಪಾಲು ಬದಲಾಗುತ್ತಲೇ ಇರುವವರಿಗೆ ಬೇರೆ ದಾರಿಯಿದೆ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ 2024ರ ಏಪ್ರಿಲ್ 1ರಿಂದ ಈಚೆಗೆ ಆರಂಭವಾದ ರಜಾ ವರ್ಷಗಳಲ್ಲಿ, ಇಂಥವರಿಗೆ ದುಡಿದ ಗಂಟೆಗಳ ಶೇಕಡಾ 12.07ರಷ್ಟು ಕನಿಷ್ಠ ರಜೆ ಕೂಡುತ್ತಾ ಹೋಗುತ್ತದೆ. 1,047ರ ಶೇಕಡಾ 12.07 ಎಂದರೆ ಮತ್ತೆ ಅದೇ 126 ಗಂಟೆ!

ಈಗ ನಾವು ಮಾಡಬೇಕಾದದ್ದು ಇಷ್ಟೇ: ಒಪ್ಪಂದ ಮತ್ತು ರೋಟಾ ಮುಂದಿಟ್ಟುಕೊಂಡು ಲೆಕ್ಕ ಹಾಕಿ, ತಾಳೆಯಾಗದಿದ್ದರೆ ಎಚ್‌ಆರ್‌ಗೆ ಇಮೇಲ್‌ನಲ್ಲಿ ಕೇಳುವುದು. ಯೂನಿಯನ್ ಇದ್ದರೆ ಅವರನ್ನು ವಿಚಾರಿಸಿ. ಏಕಾಸ್ ಸಂಸ್ಥೆಯೂ ಉಚಿತವಾಗಿ ಸಲಹೆ ಕೊಡುತ್ತದೆ. ಉತ್ತರ ಐರ್ಲೆಂಡಿನವರಿಗೆ ಲೇಬರ್ ರಿಲೇಷನ್ಸ್ ಏಜೆನ್ಸಿ ಇದೆ.

ಯುಗಾದಿ, ಗೌರಿ-ಗಣೇಶ, ದೀಪಾವಳಿ ಯಾವುದೂ ಇಲ್ಲಿನ ಬ್ಯಾಂಕ್ ಹಾಲಿಡೇ ಪಟ್ಟಿಯಲ್ಲಿಲ್ಲ. ಉಳಿಸಿಕೊಂಡ ಆ ಗಂಟೆಗಳೇ ನಮ್ಮ ಹಬ್ಬದ ರಜೆ. ಲೆಕ್ಕ ಬಿಡದಿರೋಣ.